ಜಗಲಿಯ ಮೇಲಿನ ಬಾಟಲಿ

ಹರಿಹರ
೨೧-೪-೧೯೯೮

ನನ್ನ ಕಂದ ಬಸವಕಿರಣನಿಗೆ ಅವ್ವನ ಆಶೀರ್ವಾದ.

ಹೇಗಿದ್ದೀಯ? ಕೆಮ್ಮು ಹೋಯಿತೇ? ದಾವಣಗೆರೆಯ ಬಿಸಿಲಲ್ಲಿ ಮಂಡಕ್ಕಿ ಮಿರ್ಚಿ ತಿಂದೇ ಹೊಟ್ಟೆ ತುಂಬಿಸುತ್ತಿರುತ್ತೀಯ, ನನಗೆ ಗೊತ್ತು. ದೇವರಾಜ ಅರಸು ಬಡಾವಣೆಯ ಆ ರೂಮು ಬಿಟ್ಟು ಒಬ್ಬನೇ ಹೊರಗೆ ಹೋಗಬೇಡ. ನಾನು ಚೆನ್ನಾಗಿದ್ದೇನೆ ಅಂತ ಬರೆಯಬೇಕು, ಆದರೆ ಹೆದರಿಕೆಯಾಗಿದೆ.

ಇವತ್ತು ಬೆಳಿಗ್ಗೆ ತಿಪ್ಪೇರುದ್ರಪ್ಪ ಬಂದಿದ್ದ. ನಿಮ್ಮಪ್ಪನ ಜೊತೆ ಒಂದೇ ತಟ್ಟೆಯಲ್ಲಿ ಉಂಡವನು, ಈಗ ಹೊಳೆಗೆ ಕೊಳಕು ಹರಿಸುವ ಆ ಕಾರ್ಖಾನೆಗೆ ಬಾಡಿಗೆ ಲಾರಿ ಬಿಡುವವನು. ಚಹಾ ಕುಡಿದು ನಗುನಗುತ್ತಲೇ ಹೇಳಿದ: "ಹೊಳ್ಯಾಗ ನಾಕು ಮೀನು ಸತ್ರೆ ನಿಮ್ಮ ಹುಡುಗಂಗೆ ಯಾಕ್ ಬೇಕ್ರಿ ಅಕ್ಕಾರೆ? ನೀರಿಗೆ ಏನೂ ಆಗಿಲ್ಲ. ಸೇತುವೆ ಮ್ಯಾಲೆ ಲಾರಿ ಭಾಳ ಓಡಾಡ್ತಾವ, ಸ್ಕೂಟರ್ ಹುಷಾರಾಗಿ ಹೊಡಿಯಾಕೆ ಹೇಳ್ರಿ." ಒಮ್ಮೆಯೂ ದನಿ ಏರಿಸಲಿಲ್ಲ ನೋಡು, ಅದಕ್ಕೇ ಅದು ಬೆದರಿಕೆ ಅಂತ ನನಗೆ ಗೊತ್ತಾಯಿತು.

ಶುಕ್ರವಾರ ಡಿ.ಸಿ. ಸಾಹೇಬರ ಮುಂದೆ ಇಡಬೇಕೆಂದು, ಕಾರ್ಖಾನೆಯ ಕೊಳವೆ ಹೊಳೆಗೆ ಸೇರುವಲ್ಲಿ ನೀನು ನೀರು ತುಂಬಿ, ಅರಗಿನ ಮೊಹರು ಹಾಕಿಸಿದ ಬಾಟಲಿಯನ್ನು ನಾನು ದೇವರ ಜಗಲಿಯ ಮೇಲಿಟ್ಟಿದ್ದೆ. ಅಲ್ಲಿಗೆ ಯಾರೂ ಕೈ ಹಾಕುವುದಿಲ್ಲ ಅಂದುಕೊಂಡಿದ್ದೆ. ಅವನ ಕಣ್ಣು ನೇರ ಅಲ್ಲಿಗೇ ಹೋಯಿತು. ಏನೆಂದು ಕೇಳಿದ. ಹೊಳೆಯ ನೀರು, ತೀರ್ಥಕ್ಕೆ ತರಿಸಿದ್ದು ಅಂದೆ. ಆಮೇಲೆ ಎದ್ದು ಹೋದ.

ಸಾಕು ಮಗನೇ, ಬಿಟ್ಟುಬಿಡು. ಊರ ಹೊಳೆಯನ್ನು ಊರೇ ನೋಡಿಕೊಳ್ಳಲಿ. ನನಗಿರುವವನು ನೀನೊಬ್ಬ. ಈ ಕಾಗದ ತರುವ ನಿನ್ನ ಗೆಳೆಯ ಹಿದಾಯತ್‌ಗೂ ಇದನ್ನೇ ಹೇಳಿದ್ದೇನೆ. ರೊಟ್ಟಿ, ಶೇಂಗಾ ಚಟ್ನಿ ಕಳಿಸಿದ್ದೇನೆ, ಅವನಿಗೂ ಕೊಟ್ಟು ತಿನ್ನು. ಹರಿಹರೇಶ್ವರ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಅವ್ವ,
ಸರ್ವಮಂಗಳಮ್ಮ

ತಾ.ಕ.: ಹಿದಾಯತ್ ಆಟೋ ಚಾಲೂ ಮಾಡಿಕೊಂಡು ಕಾಯುತ್ತಿದ್ದಾನೆ. ನೀನು ಗಾಬರಿಯಾಗುತ್ತೀಯ ಅಂತ ಮೇಲೆ ಎಲ್ಲ ಬರೆಯಲಿಲ್ಲ. "ತೀರ್ಥ ಆದ್ರೆ ನೀವು ತಗೊಂಡು ನನಗೂ ಕೊಡ್ರಿ" ಅಂತ ತಿಪ್ಪೇರುದ್ರಪ್ಪ ಅಂಗೈ ಚಾಚಿದ. ತೀರ್ಥ ಕೇಳಿದವರಿಗೆ ಇಲ್ಲ ಅನ್ನುವುದು ಹೇಗೆ? ಮೊಹರು ಒಡೆದೆ. ಅವನೆದುರೇ ಒಂದು ಗುಟುಕು ಕುಡಿದು, ಅವನ ಅಂಗೈಗೂ ಹಾಕಿದೆ. ನೀರಿಗೆ ಏನೂ ಆಗಿಲ್ಲ ಅಂದ ಮನುಷ್ಯ ತುಟಿಗೆ ಮುಟ್ಟಿಸಲೇ ಇಲ್ಲ, ತಲೆಗೆ ಸವರಿಕೊಂಡು ಎದ್ದ. ನನ್ನ ಗಂಟಲು ಇನ್ನೂ ಉರಿಯುತ್ತಿದೆ, ತುಂಬಾ ಭಯವಾಗುತ್ತಿದೆ ಕಣೋ. ಮೊಹರು ಒಡೆದ ಬಾಟಲಿ ಡಿ.ಸಿ. ಆಫೀಸಿನಲ್ಲಿ ಸಾಕ್ಷಿಗೆ ನಡೆಯುವುದಿಲ್ಲವಲ್ಲ. ಬಿಟ್ಟುಬಿಡು ಅಂತ ಬರೆದದ್ದನ್ನು ಹೊಡೆದು ಹಾಕು. ಶುಕ್ರವಾರ ನನ್ನನ್ನು ಕರೆದುಕೊಂಡು ಹೋಗು. ಅವನು ಯಾಕೆ ಕುಡಿಯಲಿಲ್ಲ ಅಂತ ಎಲ್ಲರ ಮುಂದೆ ನಾನೇ ಕೇಳುತ್ತೇನೆ.