ದೊರೆಸಾನಿಯ ಗೋಣಿತಾಟು ಒಗೆಯಬೇಡಿ

ಅಪ್ಪಾ,

ಒಂದು ಮನೆಯಲ್ಲಿ ಹೂವಿನಂಥ ಮನಸ್ಸಿನ ರಾಜನೊಬ್ಬ ಇದ್ದನಂತೆ. ಅವನ ಎರಡು ನಾಯಿಗಳಾದ ಪುಟಾಣಿ, ದೊರೆಸಾನಿಯರ ಹೊಟ್ಟೆಯೂ ಹೂವಿನಂಥದ್ದೇ. ಮನೆ ಬದಲಿಸುವ ಗಡಿಬಿಡಿಯಲ್ಲಿ ರಾಜ “ಪಾಪ ಕಣೇ, ಒಂದೇ ಒಂದು” ಎನ್ನುತ್ತಾ ಪುಟಾಣಿಗೆ ಬೆಣ್ಣೆ ಬಿಸ್ಕತ್ತು ಕೊಟ್ಟ. ಪುಟಾಣಿಯ ಹೊಟ್ಟೆ ಕೆಟ್ಟು, ರಾಜನ ಮಗಳು ನಾಲ್ಕು ಸಲ ನೆಲ ಒರೆಸಿದಳು.

ಕಥೆ ಸಾಕು. ಹೊಸ ಮನೆಯಲ್ಲಿ ಸಾಮಾನು ಇಳಿಸಿ ಬಂದ ಮೇಲೆ ನೀವು ಮಾಡಬೇಕಾದದ್ದು ಇಷ್ಟು.

ಪುಟಾಣಿಗೆ ಸಂಜೆ ಮೆತ್ತಗೆ ಬೆಂದ ಅನ್ನ, ಬೇಯಿಸಿದ ಕೋಳಿ. ಒಲೆಯ ಮೇಲಿದೆ. ಉಪ್ಪು ಹಾಕಿಲ್ಲ, ಹಾಕಲೂಬೇಡಿ. ಹಾಲು ಬೇಡ. ಅವನು ಕಣ್ಣು ಪಿಳಿಪಿಳಿ ಬಿಟ್ಟರೆ ನೀವು ಆ ಕಡೆ ತಿರುಗಿಕೊಳ್ಳಿ. ಬಿಸ್ಕತ್ತಿನ ಡಬ್ಬಿ ನನ್ನ ಬ್ಯಾಗಿನಲ್ಲಿದೆ, ಹುಡುಕಬೇಡಿ.

ದೊರೆಸಾನಿ ನಿನ್ನೆಯಿಂದ ಒಂದಗುಳೂ ಮುಟ್ಟಿಲ್ಲವಲ್ಲ, ತಪ್ಪು ನನ್ನದೇ. ಅವಳ ಗೋಣಿತಾಟನ್ನು ಪರದೆಗಳ ಜೊತೆ ಗಂಟು ಕಟ್ಟಿಬಿಟ್ಟಿದ್ದೆ. ಹದಿಮೂರು ವರ್ಷ ಅದರ ಮೇಲೆ ಕೂತೇ ಉಂಡವಳು, ಬರಿ ನೆಲದಲ್ಲಿ ಹೇಗೆ ಉಂಡಾಳು? ಈಗ ಗಂಟು ಬಿಚ್ಚಿ ಹಾಸಿದ್ದೇನೆ. ಹೊಸ ಮನೆಗೂ ಅದೇ ಹೋಗಲಿ. ನಾರುತ್ತದೆ ಅಂತ ದಯವಿಟ್ಟು ಒಗೆಯಬೇಡಿ ಅಪ್ಪ. ಅವಳಿಗೆ ಮನೆ ಅಂದರೆ ಆ ವಾಸನೆಯೇ.

ಅವಳು ಉಣ್ಣುವವರೆಗೂ ನಾನು ಕೆಲಸಕ್ಕೆ ಹೊರಡುವುದಿಲ್ಲ ಎಂದು ನಿಮಗೆ ಮಾತು ಕೊಟ್ಟಿದ್ದೆನಲ್ಲ, ಅದಕ್ಕೇ ಪಕ್ಕದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಮೂಸಿದಳು. ನನ್ನ ಮುಖ ನೋಡಿದಳು. ನಾನು ನೋಡದವಳಂತೆ ಬರೆಯುತ್ತಲೇ ಇದ್ದೇನೆ.

ಅಪ್ಪಾ, ಉಣ್ಣುತ್ತಿದ್ದಾಳೆ! ತಟ್ಟೆಯನ್ನೂ ನೆಕ್ಕಿದಳು. ನಾನು ಹೊರಟೆ.