ಹತ್ತೊಂಬತ್ತನೇ ನಂಬರಿನ ಸೀಲು

ಕತ್ರಿಗುಪ್ಪೆ, ಬೆಂಗಳೂರು
೯ ಡಿಸೆಂಬರ್ ೧೯೮೪, ಭಾನುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಚಳಿಗೆ ಬೆರಳೆಲ್ಲ ಒಡೆದಿದೆ ಎಂದು ಬರೆದಿದ್ದೆ. ಅಮ್ಮ ಕಳಿಸಿದ ಕೊಬ್ಬರಿ ಎಣ್ಣೆ ಹಚ್ಚಿದೆಯಾ? ಆ ಗಡಿಯಲ್ಲಿ ಎಣ್ಣೆಯೂ ಕಲ್ಲಾಗುತ್ತದೆ ಎಂದು ನೆಪ ಹೇಳಬೇಡ, ಒಲೆ ಪಕ್ಕ ಇಟ್ಟುಕೋ. ಸೋಮಾರಿತನದಲ್ಲಿ ನಿನ್ನನ್ನು ಮೀರಿಸಿದವರಿಲ್ಲ. ಅಪ್ಪನ ಮಂಡಿನೋವು ಹಾಗೇ ಇದೆ. ಅಮ್ಮ ಶುಕ್ರವಾರ ತಪ್ಪದೆ ಬನಶಂಕರಿ ಗುಡಿಗೆ ಹೋಗಿ ನಿನ್ನ ಹೆಸರಲ್ಲಿ ನಿಂಬೆಹಣ್ಣಿನ ದೀಪ ಹಚ್ಚುತ್ತಾಳೆ.

ಫ್ಯಾಕ್ಟರಿಯಲ್ಲಿ ನನ್ನ ಕೆಲಸವೇನೆಂದು ಕೇಳಿದ್ದೀಯ. ನೀವು ಬೆನ್ನ ಮೇಲೆ ಹೊರುವ ವೈರ್‌ಲೆಸ್ ಸೆಟ್ಟಿನ ಬೋರ್ಡುಗಳನ್ನು ಮೀಟರಿನಲ್ಲಿ ನೋಡಿ, ಸರಿಯಿದ್ದರೆ ಮೂಲೆಗೆ ನೀಲಿ ಸೀಲು ಒತ್ತುತ್ತಿದ್ದೆ. ಒಬ್ಬೊಬ್ಬರಿಗೂ ಒಂದೊಂದು ನಂಬರಿನ ಸೀಲು, ನನ್ನದು ಹತ್ತೊಂಬತ್ತು. ವಾರ್ನಿಷ್ ಬಳಿದ ಬೋರ್ಡಿನಿಂದ ಏನನ್ನೂ ಕೀಳುವಂತಿಲ್ಲ, ಇದ್ದಲ್ಲೇ ಅಳೆಯಬೇಕು. ಹಾಗೆ ಅಳೆದರೆ ಕರೆಂಟು ಅಕ್ಕಪಕ್ಕದ ದಾರಿಯಲ್ಲೂ ನುಸುಳುತ್ತದೆ. ಅದಕ್ಕೇ ಒಂದು ರೆಸಿಸ್ಟರು, ಅಂದರೆ ಕರೆಂಟು ತಡೆಯುವ ಪುಟ್ಟ ಬಿಡಿಭಾಗ, ತನಗೆ ಗೊತ್ತುಮಾಡಿದ ಅಳತೆಗಿಂತ ಕಡಿಮೆ ತೋರಿಸಿದರೆ ಅದನ್ನು ದೂರುವಂತಿಲ್ಲ. ಜಾಸ್ತಿ ತೋರಿಸಿತೋ, ಅದು ಕೆಟ್ಟಿದೆ ಎಂದೇ ಅರ್ಥ. ಈ ಪಾಠ ಕಲಿಸಿದ್ದೇ ನಮ್ಮ ಸೂಪರ್‌ವೈಸರ್ ದೇವದಾಸ್ ಸಾರ್.

ಮಂಗಳವಾರ ಒಂದು ರೆಸಿಸ್ಟರು ಜಾಸ್ತಿ ತೋರಿಸಿತು. ಮುಂದಿನ ಬೋರ್ಡುಗಳಲ್ಲೂ ಅದೇ, ಎಲ್ಲವನ್ನೂ ಪಕ್ಕಕ್ಕೆ ಎತ್ತಿಟ್ಟೆ. ಸಾರ್‌ಗೆ ತೋರಿಸಿದೆ. “ಇದ್ದಲ್ಲೇ ಅಳೆದ್ರೆ ಹಂಗೇನಮ್ಮ, ಹೆಚ್ಚುಕಮ್ಮಿ ಬರುತ್ತೆ. ಲಾರಿ ನಿಂತಿದೆ, ಸೀಲು ಹಾಕು” ಅಂದರು. ನನಗೆ ಮೈಯೆಲ್ಲ ಉರಿಯಿತು. ಗೇಟಿನ ಹತ್ತಿರ ಹೋಗಿ ಐಸ್ ಕ್ಯಾಂಡಿ ತಂದು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಆ ರೆಸಿಸ್ಟರಿಗೆ ಒತ್ತಿ ಹಿಡಿದೆ. ಮೀಟರಿನಲ್ಲಿ ಅಳತೆ ಏರುತ್ತಲೇ ಹೋಯಿತು. ಬೆರಳಿನ ಬಿಸಿ ತಾಗಿಸಿದೆ, ಇಳಿಯಿತು. ಒಳಗೆ ಬಿರುಕಿದೆ, ಚಳಿಗೆ ಬಾಯಿ ಬಿಡುತ್ತದೆ. ಸಾರ್ ಎಲ್ಲವನ್ನೂ ನೋಡಿದರು, ಅವರಿಗೆ ಅರ್ಥವೂ ಆಯಿತು. ಆಮೇಲೆ ಮೆಲ್ಲಗೆ, “ಬೆಂಗಳೂರಲ್ಲಿ ಎಲ್ಲಮ್ಮ ಅಷ್ಟು ಚಳಿ?” ಅಂದರು. “ನಮ್ಮಣ್ಣ ಬೆಂಗಳೂರಲ್ಲಿಲ್ಲ ಸಾರ್” ಅಂದೆ. ಅವರು ನನ್ನ ಕೈಯಿಂದ ಸೀಲು ತೆಗೆದುಕೊಂಡು ತಮ್ಮ ಡ್ರಾಯರಿಗೆ ಹಾಕಿ ಬೀಗ ಹಾಕಿದರು. ಬುಧವಾರದಿಂದ ನಾನು ಪ್ಯಾಕಿಂಗಿನಲ್ಲಿದ್ದೇನೆ. ಮ್ಯಾನೇಜರ ಕೋಣೆಗೂ ಹೋಗಿದ್ದೆ, ಸೂಪರ್‌ವೈಸರನ್ನೇ ಕೇಳು ಎಂದು ಕಳಿಸಿದರು. ಮನೆಯಲ್ಲಿ ಯಾರಿಗೂ ಹೇಳಿಲ್ಲ.

ನನಗೆ ತುಂಬಾ ಭಯವಾಗುತ್ತಿದೆ ಅಣ್ಣಾ. ಇಲ್ಲಿಂದ ಲಾರಿಯಲ್ಲಿ ಹೊರಡುವ ಮಾಲು ಎಲ್ಲಿಗೆ ಹೋಗುತ್ತದೋ ನನಗೆ ಗೊತ್ತಿಲ್ಲ, ನಿನ್ನ ಹತ್ತಿರವೇ ಬಂದರೂ ಬರಬಹುದು. ಹೊಸ ಸೆಟ್ಟು ಬಂದರೆ ನಿಮ್ಮ ಮೆಕ್ಯಾನಿಕ್ಕಿಗೆ ಹೇಳಿ ಹಿಂದಿನ ಮುಚ್ಚಳ ತೆಗೆಸು. ಹತ್ತೊಂಬತ್ತು ಇದ್ದರೆ ಅದು ನಾನು ನೋಡಿದ್ದು, ಧೈರ್ಯವಾಗಿ ಹೊತ್ತುಕೊಂಡು ಹೋಗು. ಬೇರೆ ನಂಬರಿದ್ದರೆ ಒಂದು ರಾತ್ರಿ ಹಿಮದಲ್ಲಿಟ್ಟು, ಬೆಳಿಗ್ಗೆ ಮಾತಾಡಿ ನೋಡಿದ ಮೇಲೇ ಮುಟ್ಟು.

ಅಪ್ಪ ಅಮ್ಮನ ಆಶೀರ್ವಾದ ನಿನ್ನ ಮೇಲಿರಲಿ. ಕಿವಿ ಮುಚ್ಚಿಕೊಂಡು ಮಲಗು.

ನಿನ್ನ ತಂಗಿ,
ಶಾಂತಾ

ತಾ.ಕ.: ಸೋಮವಾರ, ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ನನ್ನ ಜಾಗದಲ್ಲಿ ಹೊಸ ಹುಡುಗಿ ಕೂತಿದ್ದಾಳೆ. ಮೀಟರು ಹಿಡಿಯಲು ಇನ್ನೂ ಬಾರದು, ಪಾಪ. ಮಂಗಳವಾರ ನಾನು ಬೇಡವೆಂದು ಎತ್ತಿಟ್ಟಿದ್ದ ಬೋರ್ಡುಗಳಿಗೆಲ್ಲ ಸೀಲು ಒತ್ತುತ್ತಿದ್ದಾಳೆ. ಅವಳ ಕೈಗೆ ಕೊಟ್ಟಿರುವುದು ನನ್ನದೇ ಸೀಲು. ಅಣ್ಣಾ, ಹತ್ತೊಂಬತ್ತು ಕಂಡರೂ ನಂಬಬೇಡ.