ಹಿಂಬಾಗಿಲಿನಿಂದ ಹೋದ ಡಬ್ಬ

ಗುರುವಾರ, ಮಧ್ಯಾಹ್ನ

ನನ್ನ ಜಗಳಗಂಟಿ ಮಗಳಿಗೆ, ಅಮ್ಮನ ಅಕ್ಕರೆಯ ನೆನಪುಗಳು.

ಫೋನಿರುವಾಗ ಕಾಗದ ಯಾಕೆ ಎಂದು ಹುಬ್ಬೇರಿಸಬೇಡ. ಫೋನನ್ನು ಆರಿಸಿ ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಇಟ್ಟಿದ್ದೇನೆ. ಅದು ಗುಂಯ್ ಎಂದರೂ ಸಾಕು, ಎದೆ ಧಸಕ್ಕೆನ್ನುತ್ತದೆ.

ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಸೋಮವಾರ ನೀನೊಂದು ವಿಡಿಯೊ ಹಂಚಿಕೊಂಡೆಯಲ್ಲ, ಮತದಾನ ಮುಗಿದ ಸಂಜೆ ಒಬ್ಬ ಹೆಂಗಸು ಯಾವುದೋ ಶಾಲೆಯ ಹಿಂಬಾಗಿಲಿನಿಂದ ರಟ್ಟಿನ ಡಬ್ಬ ಹೊತ್ತುಕೊಂಡು ಹೋಗುವುದು. ಹನ್ನೊಂದು ಸೆಕೆಂಡು. ಡಬ್ಬದ ಸುತ್ತ ಕೆಂಪು ಗೆರೆ, ಮೇಲೆ ‘ಮತಪತ್ರ ಕದ್ದವಳು’ ಎಂಬ ಬರಹ. ಅದರ ಕೆಳಗೆ ನೀನು ಒಂದೇ ಸಾಲು ಬರೆದಿದ್ದೆ: “ಬೆಂಕಿ ಇಲ್ಲದೆ ಹೊಗೆ ಆಡುತ್ತಾ?”

ಆ ಹೆಂಗಸು ನಾನು.

ಮುಖಕ್ಕೆ ಡಬ್ಬ ಅಡ್ಡವಾಗಿತ್ತು, ಊರಿನ ಹೆಸರನ್ನೂ ತಪ್ಪಾಗಿ ಹಾಕಿದ್ದರು. ಆದ್ದರಿಂದ ನಿನಗೆ ತಿಳಿಯಲಿಲ್ಲ, ಒಪ್ಪುತ್ತೇನೆ. ಆದರೆ ಆ ಬೂದು ಸ್ವೆಟರ್ ಹೆಣೆದವಳು ನೀನೇ. ಎಡತೋಳು ಒಂದು ಗೇಣು ಉದ್ದವಾಯಿತೆಂದು ಅತ್ತಿದ್ದೆ, ನಾನು ಮಡಿಸಿಕೊಂಡು ಹಾಕಿಕೊಳ್ಳುತ್ತೇನೆ ಎಂದಿದ್ದೆ. ವಿಡಿಯೊದಲ್ಲಿ ಆ ಮಡಿಕೆ ಚೆನ್ನಾಗಿಯೇ ಕಾಣುತ್ತದೆ.

ಡಬ್ಬದಲ್ಲಿ ಇದ್ದದ್ದು ಹತ್ತೊಂಬತ್ತು ಪುಸ್ತಕ. ನಮ್ಮ ಶಾಲೆಯ ಗ್ರಂಥಾಲಯವನ್ನೇ ಮತಗಟ್ಟೆ ಮಾಡಿದ್ದರು. ಕಪಾಟುಗಳನ್ನು ಎಳೆದಾಡಿದ ರಭಸಕ್ಕೆ ಪುಸ್ತಕಗಳ ಬೆನ್ನು ಕಿತ್ತುಬಂದಿದ್ದವು. ಮನೆಗೆ ತಂದು ಅಂಟು ಹಾಕೋಣವೆಂದುಕೊಂಡೆ. ಆ ದಿನ ಏನನ್ನು ಹೊರಗೆ ಒಯ್ದರೂ ಅಧಿಕಾರಿಗೆ ತೋರಿಸಿ ಗೇಟಿನ ಪುಸ್ತಕದಲ್ಲಿ ಸಹಿ ಮಾಡಬೇಕಿತ್ತು. ಅವರು ಒಳಗೆ ಪೆಟ್ಟಿಗೆಗೆ ಮೊಹರು ಹಾಕುತ್ತಿದ್ದರು, ಅಂಟಿನ ಅಂಗಡಿ ಮುಚ್ಚುವ ಹೊತ್ತಾಗಿತ್ತು. ಇಪ್ಪತ್ತೆರಡು ವರ್ಷ ನಾನೇ ಧೂಳು ಒರೆಸಿದ ಪುಸ್ತಕಕ್ಕೆ ಯಾರ ಅಪ್ಪಣೆ ಎಂಬ ಕೊಬ್ಬಿನಲ್ಲಿ ಹಿಂಬಾಗಿಲು ತೆರೆದು ನಡೆದುಬಿಟ್ಟೆ. ನನ್ನ ತಪ್ಪು ಅಷ್ಟೇ. ಆದರೆ ಆ ಒಂದು ಸಹಿ ಇಲ್ಲದೆ ಈಗ ನನ್ನ ಮಾತಿಗೆ ಸಾಕ್ಷಿಯೂ ಇಲ್ಲ.

ಅಷ್ಟರಲ್ಲಿ ಯಾರೋ ಬಾಗಿಲಿನ ಗುರುತು ಹಿಡಿದರು. ನಮ್ಮ ಮತಗಟ್ಟೆಯ ಮತಪತ್ರಗಳೆಲ್ಲ ಲೆಕ್ಕಕ್ಕೆ ತಾಳೆಯಾಗಿವೆ ಎಂದು ಅಧಿಕಾರಿ ಬರೆದುಕೊಟ್ಟರು. ಅವರೂ ಶಾಮೀಲು ಎಂದರು ಜನ. ಮಂಗಳವಾರ ಇಬ್ಬರು ಗ್ರಂಥಾಲಯಕ್ಕೆ ಬಂದು, ಒಂದು ಪುಸ್ತಕವನ್ನೂ ಮುಟ್ಟದೆ, ಹಿಂಬಾಗಿಲಿನ ಬೀಗದಕೈ ಯಾರ ಹತ್ತಿರ ಇರುತ್ತದೆ ಎಂದು ಕಸ ಗುಡಿಸುವವಳನ್ನು ಕೇಳಿದರಂತೆ. ಅವಳು ಗೊತ್ತಿಲ್ಲವೆಂದು ಹೇಳಿ ನೇರವಾಗಿ ನನ್ನ ಬಳಿ ಬಂದಳು. “ಅಕ್ಕಾ, ನಾಲ್ಕು ದಿನ ಮನೇಲೇ ಇದ್ದುಬಿಡಿ. ಅವರ ಮುಖ ಸರಿ ಇರಲಿಲ್ಲ” ಎಂದಳು.

ಈಗ ಎದುರುಗಡೆ ಒಬ್ಬ ನಿಂತಿದ್ದಾನೆ. ಬಸ್ಸಿಗೆ ಕಾಯುತ್ತಿರಬಹುದು ಎಂದು ಸಮಾಧಾನ ಮಾಡಿಕೊಂಡೆ. ಮೂರು ಬಸ್ಸು ಹೋದವು.

ನಿನ್ನೆ ಸ್ವೆಟರನ್ನು ಒಲೆಯವರೆಗೂ ಒಯ್ದೆ. ಸುಟ್ಟರೆ ನಿಜವಾಗಿಯೂ ಕಳ್ಳಿಯಾಗುತ್ತೇನೆ ಅನ್ನಿಸಿ ಹಾಸಿಗೆಯ ಕೆಳಗೆ ತುರುಕಿದೆ. ಅದರ ಮೇಲೆ ಮಲಗಿದರೆ ನಿದ್ದೆ ಎಲ್ಲಿಂದ ಬರಬೇಕು? ನನಗೆ ಭಯವಾಗುತ್ತಿದೆ, ಮಗಳೇ. ನಿನ್ನ ಮುಂದೆ ಈ ಮಾತು ಆಡುತ್ತಿರುವುದು ಇದೇ ಮೊದಲು.

ನೀನು ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು. ಅವಳು ನನ್ನಮ್ಮ ಎಂದು ಅಲ್ಲಿ ಬರೆಯಬೇಡ. ಅವರಿಗೆ ಈಗ ಬೇಕಾಗಿರುವುದು ಒಂದು ಹೆಸರು, ಒಂದು ವಿಳಾಸ ಅಷ್ಟೇ. ಸದ್ದಿಲ್ಲದೆ ಅಳಿಸಿಯೂ ಬಿಡಬೇಡ. ಅದನ್ನು ಈಗಾಗಲೇ ಇನ್ನೂರು ಜನ ನಿನ್ನಿಂದ ತೆಗೆದುಕೊಂಡು ಹೋಗಿದ್ದಾರೆ. ಹೀಗೆ ಮಾತ್ರ ಬರೆ: ‘ಡಬ್ಬದಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದೆ ಹೇಳಿದೆ. ನಿಮಗೆ ಹೇಗೆ ಗೊತ್ತಾಯಿತು, ಹೇಳಿ.’ ವಾದದಲ್ಲಿ ಸೋತೆಯೆಂದು ನಗುತ್ತಾರೆ. ನಗಲಿ ಬಿಡು.

ಈ ಕಾಗದವನ್ನು ಕಸ ಗುಡಿಸುವವಳ ಕೈಯಲ್ಲಿ ಅಂಚೆಗೆ ಕಳಿಸುತ್ತಿದ್ದೇನೆ. ಇದು ತಲುಪುವವರೆಗೆ ಬಾಗಿಲು ತೆರೆಯುವುದಿಲ್ಲ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಹೋದ ಚುನಾವಣೆಯಲ್ಲಿ ನಮ್ಮವರು ಸೋತಾಗ, ಮತಗಟ್ಟೆಯ ಮುಂದೆ ಚೀಲ ಹಿಡಿದು ನಿಂತಿದ್ದ ಅಂಚೆಯವನ ಫೋಟೊ ಒಂದು ಹರಿದಾಡಿತ್ತು, ನೆನಪಿದೆಯೇ? ನಿನಗೆ ಅದನ್ನು ಕಳಿಸಿದವಳು ನಾನು. ಇದು ನಿಜಾನಾ ಅಮ್ಮ ಎಂದು ನೀನು ಕೇಳಿದ್ದೆ. ಬೆಂಕಿ ಇಲ್ಲದೆ ಹೊಗೆ ಆಡುತ್ತಾ ಎಂದವಳು ನಾನೇ. ತಿಂಗಳೊಳಗೆ ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟ. ಚೀಲದಲ್ಲಿ ಏನಿತ್ತೆಂದು ನಾನು ಇವತ್ತಿನವರೆಗೂ ಯಾರನ್ನೂ ಕೇಳಿಲ್ಲ.